ಜೂನ್ ಮಳೆ ಶೀಟಿನಲ್ಲಿದೆ, ಚಾರ್ಟ್ ಮಾತ್ರ ಮೇ 31ಕ್ಕೇ ನಿಂತಿದೆ

ಪ್ರಶ್ನೆ: ನಮ್ಮದು ಸಣ್ಣ ಕಾಫಿ ತೋಟ. 2025ರ ಜನವರಿ 1ರಿಂದ ದಿನಾ ಬೆಳಿಗ್ಗೆ ಮಳೆ ಅಳೆದು ಎಕ್ಸೆಲ್‌ನಲ್ಲಿ ಬರೆಯುತ್ತಿದ್ದೇನೆ. ಎ ಕಾಲಂನಲ್ಲಿ ತಾರೀಖು, ಬಿ ಕಾಲಂನಲ್ಲಿ ಮಳೆ, ಇಂಚಿನ ಲೆಕ್ಕ. ಮೇ ಮುಗಿದ ಮೇಲೆ ಎರಡು ಚಾರ್ಟ್ ಮಾಡಿದೆ. ಒಂದು ದಿನದ ಮಳೆಯದು, ಇನ್ನೊಂದು ತಿಂಗಳ ಒಟ್ಟು ಮಳೆಯ ಪಿವೋಟ್ ಚಾರ್ಟ್, ಅಂದರೆ ಎಕ್ಸೆಲ್ಲೇ ತಿಂಗಳುವಾರು ಗುಂಪು ಮಾಡಿ ಮೊತ್ತ ಹಾಕಿಕೊಡುವುದು. ಜೂನ್‌ನಿಂದ ಹೊಸ ಲ್ಯಾಪ್‌ಟಾಪ್‌ನಲ್ಲಿ ಬರೆಯುತ್ತಿದ್ದೇನೆ. ಇವತ್ತು ಜೂನ್ 10, ಈ ಹತ್ತು ದಿನದ ಮಳೆ ಎರಡು ಚಾರ್ಟಿನಲ್ಲೂ ಕಾಣಿಸುತ್ತಿಲ್ಲ. ದಿನದ ಚಾರ್ಟ್ ಅಳಿಸಿ ಹೊಸದಾಗಿ ಮಾಡಿದೆ. ಆಗ ಕಂಬಗಳು ಎಲ್ಲೆಲ್ಲೋ ಬಂದು ಕೂತವು, ಚಾರ್ಟ್ ಅಕ್ಟೋಬರ್‌ವರೆಗೂ ಉದ್ದವಾಯಿತು. ಎಕ್ಸೆಲ್ ಹಾಳಾಗಿದೆಯಾ?

ಉತ್ತರ: ಎಕ್ಸೆಲ್ ಹಾಳಾಗಿಲ್ಲ. ಆದರೆ ಚಾರ್ಟ್ ಅಳಿಸೋದನ್ನು ಮೊದಲು ನಿಲ್ಲಿಸಿ. ಅಳಿಸಿದಾಗ ತೊಂದರೆ ಎಲ್ಲಿದೆ ಅಂತ ಹೇಳುವ ಸುಳಿವೂ ಅದರ ಜೊತೆಗೇ ಹೋಗಿಬಿಡುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಒಂದಲ್ಲ, ಮೂರು ಬೇರೆ ಬೇರೆ ತೊಂದರೆಗಳಿವೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಅದಕ್ಕೇ ಒಂದನ್ನು ಸರಿಮಾಡಿದರೆ ಇನ್ನೊಂದು ಎದ್ದು ನಿಲ್ಲುತ್ತಿದೆ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಮಾರ್ಚ್ ತಿಂಗಳ ಯಾವುದಾದರೂ ಒಂದು ದಿನದ ಮಳೆಯನ್ನು ಬದಲಿಸಿ 5 ಅಂತ ಬರೆಯಿರಿ. ಚಾರ್ಟಿನ ಕಡೆ ನೋಡಿ. ನೋಡಿದ ಮೇಲೆ ಕಂಟ್ರೋಲ್ + ಝಡ್ ಒತ್ತಿ ಹಳೆ ಅಂಕಿ ವಾಪಸ್ ತನ್ನಿ. ಹಳೆ ಅಂಕಿ ಬದಲಾದ ತಕ್ಷಣ ಕಂಬ ಮೇಲಕ್ಕೆದ್ದರೆ ಚಾರ್ಟ್ ಮತ್ತು ಶೀಟಿನ ನಡುವಿನ ಸಂಪರ್ಕ ಚೆನ್ನಾಗಿದೆ, ಹೊಸ ಸಾಲುಗಳು ಅದರ ಲೆಕ್ಕಕ್ಕೆ ಸೇರಿಲ್ಲ, ಅಷ್ಟೇ. ಹಳೆ ಅಂಕಿಗೂ ಕಂಬ ಅಲ್ಲಾಡದಿದ್ದರೆ ಚಾರ್ಟ್ ನೋಡುತ್ತಿರುವುದು ನಿಮ್ಮ ಶೀಟನ್ನೇ ಅಲ್ಲ, ಬೇರೆ ಏನನ್ನೋ. ನಿಮ್ಮ ದಿನದ ಚಾರ್ಟ್ ಅಲ್ಲಾಡುತ್ತದೆ, ಪಿವೋಟ್ ಚಾರ್ಟ್ ಅಲ್ಲಾಡುವುದಿಲ್ಲ. ಎರಡಕ್ಕೂ ಮದ್ದು ಬೇರೆ.

ದಿನದ ಚಾರ್ಟಿನಿಂದ ಶುರು ಮಾಡೋಣ. ಒಂದು ಕಂಬದ ಮೇಲೆ ಕ್ಲಿಕ್ ಮಾಡಿ, ಮೇಲಿನ ಫಾರ್ಮುಲಾ ಬಾರ್ ನೋಡಿ. ನೀವು ಮೊದಲು ಮಾಡಿದ್ದ ಚಾರ್ಟ್ ಆದರೆ ಅಲ್ಲಿ ಹೀಗೆ ಇರುತ್ತದೆ:

=ಸೀರೀಸ್(ಮಳೆ!$ಬಿ$1, ಮಳೆ!$ಎ$2:$ಎ$152, ಮಳೆ!$ಬಿ$2:$ಬಿ$152, 1)

(ಸೂತ್ರಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಶೀಟಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ‘ಮಳೆ’ ಅನ್ನೋದು ಶೀಟಿನ ಹೆಸರು.)

ಇದರಲ್ಲಿ ನಾಲ್ಕು ಭಾಗಗಳಿವೆ. ಹೆಸರು ಎಲ್ಲಿದೆ, ತಾರೀಖು ಎಲ್ಲಿದೆ, ಮಳೆ ಎಲ್ಲಿದೆ, ಎಷ್ಟನೇ ಸರಣಿ. ಜನವರಿ 1ರಿಂದ ಮೇ 31ಕ್ಕೆ 151 ದಿನ. ಮೊದಲ ಸಾಲು ತಲೆಬರಹ, ಹಾಗಾಗಿ ಮೇ 31 ಬಂದು ಕೂರುವುದು 152ನೇ ಸಾಲಿನಲ್ಲಿ. ಚಾರ್ಟ್ ಮಾಡಿದ ದಿನ ಈ ವಿಳಾಸ ಬರೆದುಕೊಂಡಿದೆ, ಇವತ್ತಿಗೂ ಅಷ್ಟನ್ನೇ ಓದುತ್ತಿದೆ. 153ನೇ ಸಾಲಿನಲ್ಲಿ ಎಂಥ ಮಳೆ ಬಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಗೊಂದಲ ತುಂಬಾ ಜನಕ್ಕೆ ಆಗುತ್ತದೆ. ‘ಹೋದ ಸಲ ಸಾಲು ಸೇರಿಸಿದಾಗ ತಾನಾಗೇ ಬಂದಿತ್ತಲ್ಲ?’ ಅಂತ ಕೇಳುತ್ತಾರೆ. ಹೌದು, ಬಂದಿರುತ್ತದೆ. 2ನೇ ಸಾಲಿಗೂ 152ನೇ ಸಾಲಿಗೂ ಮಧ್ಯೆ ಎಲ್ಲಾದರೂ ಇನ್ಸರ್ಟ್ ಮಾಡಿದರೆ ವಿಳಾಸ ತಾನಾಗೇ 153ಕ್ಕೆ ಹಿಗ್ಗುತ್ತದೆ. ಕೊನೆಯ ಸಾಲಿನ ಕೆಳಗೆ ಬರೆದರೆ ಹಿಗ್ಗುವುದಿಲ್ಲ. ದಿನದ ಲೆಕ್ಕ ಬರೆಯುವವರೆಲ್ಲ ಕೆಳಗೇ ಬರೆಯುವುದು, ಅಲ್ವಾ? ಹಾಗಾಗಿ ಈ ತೊಂದರೆ ಅವರಿಗೇ ಜಾಸ್ತಿ.

ಸದ್ಯಕ್ಕೆ ಸರಿಮಾಡೋದು ಸುಲಭ. ಚಾರ್ಟ್ ಮೇಲೆ ಕ್ಲಿಕ್ ಮಾಡಿದಾಗ ಅದೇ ಶೀಟಿನಲ್ಲಿರುವ ಅಂಕಿಗಳ ಸುತ್ತ ಬಣ್ಣದ ಚೌಕಟ್ಟು ಕಾಣುತ್ತದೆ. ಅದರ ಕೆಳಗಿನ ಮೂಲೆಯನ್ನು ಹಿಡಿದು ಜೂನ್ 10ರ ಸಾಲಿನವರೆಗೆ, ಅಂದರೆ 162ರವರೆಗೆ ಎಳೆಯಿರಿ. ಚಾರ್ಟ್ ಬೇರೆ ಶೀಟಿನಲ್ಲಿದ್ದರೆ ಬಲ ಕ್ಲಿಕ್ ಮಾಡಿ, ‘ಸೆಲೆಕ್ಟ್ ಡೇಟಾ’ಕ್ಕೆ ಹೋಗಿ ವಿಳಾಸ ಬದಲಿಸಿ.

ಇದನ್ನು ದಿನಾ ಮಾಡುವ ಕಷ್ಟ ಬೇಡ ಅಂದರೆ ಅಂಕಿಗಳನ್ನು ಟೇಬಲ್ ಮಾಡಬೇಕು. ಅಂಕಿಗಳ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ + ಟಿ ಒತ್ತಿ, ತಲೆಬರಹ ಇದೆ ಅನ್ನುವ ಚೌಕಕ್ಕೆ ಟಿಕ್ ಹಾಕಿ. ಆಮೇಲೆ ಕೊನೆಯ ಸಾಲಿನ ಕೆಳಗೆ ಬರೆದರೆ ಟೇಬಲ್ ಹಿಗ್ಗುತ್ತದೆ, ಅದರ ಜೊತೆ ಚಾರ್ಟೂ ಹಿಗ್ಗುತ್ತದೆ. ಎಲ್ಲರೂ ಕೊಡುವ ಸಲಹೆ ಇದೇ. ಆದರೆ ಇದರಲ್ಲಿ ಒಂದು ಕ್ರಮ ಇದೆ, ಅದನ್ನು ತಪ್ಪಿಸಿದರೆ ಉಪಯೋಗವಿಲ್ಲ. ನೀವೀಗ ಕಂಟ್ರೋಲ್ + ಟಿ ಒತ್ತಿದರೆ ಟೇಬಲ್ 162ನೇ ಸಾಲಿನವರೆಗೆ ಆಗುತ್ತದೆ. ಚಾರ್ಟ್ ಇನ್ನೂ 152ರಲ್ಲೇ ಇರುತ್ತದೆ. ಟೇಬಲ್ಲಿನ ಕಾಲಂ ಪೂರ್ತಿ ಚಾರ್ಟಿನಲ್ಲಿದ್ದರೆ ಮಾತ್ರ ಎರಡೂ ಒಟ್ಟಿಗೆ ಹಿಗ್ಗುತ್ತವೆ. ಅರ್ಧ ಕಾಲಂ ಹಿಡಿದ ಚಾರ್ಟ್ ಅರ್ಧದಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲು ಚಾರ್ಟನ್ನು ಕೊನೆಯ ಸಾಲಿನವರೆಗೆ ಎಳೆಯಿರಿ, ಆಮೇಲೆ ಟೇಬಲ್ ಮಾಡಿ. ‘ಟೇಬಲ್ ಮಾಡಿದರೂ ಆಗಲಿಲ್ಲ’ ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಟೇಬಲ್ಲೇ ಹಿಗ್ಗದೆ ಇರುವುದೂ ಉಂಟು. ಕೊನೆಯಲ್ಲಿ ಟೋಟಲ್ ಸಾಲು ಇದ್ದರೆ ಅದರ ಕೆಳಗೆ ಬರೆದದ್ದು ಟೇಬಲ್ಲಿಗೆ ಸೇರುವುದಿಲ್ಲ. ಟೋಟಲ್‌ಗಿಂತ ಮೇಲಿನ ಸಾಲಿನ ಕೊನೆಯ ಸೆಲ್‌ನಲ್ಲಿ ನಿಂತು ಟ್ಯಾಬ್ ಒತ್ತಿದರೆ ಹೊಸ ಸಾಲು ಬರುತ್ತದೆ. ಶೀಟಿಗೆ ಪ್ರೊಟೆಕ್ಟ್ ಹಾಕಿದ್ದರೂ ಹಿಗ್ಗುವುದಿಲ್ಲ. ಆಟೋಕರೆಕ್ಟ್ ಆಪ್ಷನ್ಸ್ ಒಳಗೆ, ಆಟೋಫಾರ್ಮ್ಯಾಟ್ ಆ್ಯಸ್ ಯು ಟೈಪ್ ಅನ್ನುವ ಕಡೆ, ಹೊಸ ಸಾಲುಗಳನ್ನು ಟೇಬಲ್ಲಿಗೆ ಸೇರಿಸುವ ಟಿಕ್ ಯಾರೋ ತೆಗೆದಿದ್ದರೂ ಅಷ್ಟೇ.

ಇಷ್ಟು ಹೇಳಿದರೂ, ಮಳೆ ಲೆಕ್ಕಕ್ಕೆ ನನ್ನ ಸಲಹೆ ಟೇಬಲ್ ಅಲ್ಲ. ಅಂಗಡಿ ಬಿಲ್ಲು, ಹಾಲಿನ ಲೆಕ್ಕದಂಥ ಕೊನೆ ಗೊತ್ತಿಲ್ಲದ ಪಟ್ಟಿಗೆ ಟೇಬಲ್ ಸರಿ. ಮಳೆ ಪುಸ್ತಕಕ್ಕೆ ಕೊನೆ ಮೊದಲೇ ಗೊತ್ತಿದೆ, ಅದು ಡಿಸೆಂಬರ್ 31. ತಾರೀಖುಗಳನ್ನು ಈಗಲೇ ವರ್ಷಪೂರ್ತಿ ತುಂಬಿಸಿ. ಚಾರ್ಟಿಗೆ ಎ2ರಿಂದ ಎ366, ಬಿ2ರಿಂದ ಬಿ366 ಕೊಟ್ಟುಬಿಡಿ. ಖಾಲಿ ಸೆಲ್‌ಗೆ ಕಂಬ ಬರುವುದಿಲ್ಲ. ಚಾರ್ಟಿನ ಬಲಗಡೆ ಖಾಲಿ ಕಾಣುತ್ತದೆ, ನಿಜ. ಅದು ಇನ್ನೂ ಬರದ ದಿನಗಳು, ಇರಲಿ ಬಿಡಿ. ಈ ದಾರಿಯಲ್ಲಿ ನಿಮ್ಮ ಎರಡನೇ ತೊಂದರೆಯೂ ಹೋಗುತ್ತದೆ. ಮೂರರಲ್ಲಿ ನನಗೆ ನಿಜವಾಗಿ ಭಯ ಇರುವುದು ಅದರದ್ದೇ.

ಅದು ತಾರೀಖಿನ ತೊಂದರೆ. ಹೊಸ ಲ್ಯಾಪ್‌ಟಾಪ್, ಎಲ್ಲೆಲ್ಲೋ ಕೂತ ಕಂಬ, ಅಕ್ಟೋಬರ್‌ವರೆಗೆ ಹೋದ ಚಾರ್ಟ್. ಈ ಮೂರೂ ಸೇರಿದರೆ ಕಾರಣ ಸ್ಪಷ್ಟ: ಹೊಸ ಲ್ಯಾಪ್‌ಟಾಪ್ ಅಮೆರಿಕದ ಸೆಟ್ಟಿಂಗ್‌ನಲ್ಲಿದೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನೀವು ಜೂನ್ 1 ಅಂತ 01/06/2025 ಬರೆದಿರಿ, ಅದು ಜನವರಿ 6 ಅಂತ ತಿಳಿದುಕೊಂಡಿತು. 02/06 ಫೆಬ್ರವರಿ 6 ಆಯಿತು, 03/06 ಮಾರ್ಚ್ 6 ಆಯಿತು, ಹೀಗೇ ಹೋಗಿ 10/06 ಅಕ್ಟೋಬರ್ 6 ಆಯಿತು. ನಿಮ್ಮ ಚಾರ್ಟ್ ಅಕ್ಟೋಬರ್‌ಗೆ ಹೋಗಿ ನಿಂತದ್ದು ಅದಕ್ಕೇ. ಹೊಸ ಕಂಬಗಳೆಲ್ಲ ಪ್ರತಿ ತಿಂಗಳ 6ನೇ ತಾರೀಖಿಗೆ ಕೂತಿವೆಯಾ ನೋಡಿ, ಕೂತಿರುತ್ತವೆ.

ಇನ್ನೂ ಖಚಿತ ಬೇಕಾದರೆ 153ನೇ ಸಾಲಿನ ತಾರೀಖಿನ ಮೇಲೆ ನಿಂತು ಫಾರ್ಮ್ಯಾಟನ್ನು ‘ಜನರಲ್’ಗೆ ಬದಲಿಸಿ. ಎಕ್ಸೆಲ್ ತಾರೀಖನ್ನು ಒಳಗೆ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 1900ರ ಜನವರಿ 1 ಅಂದರೆ 1, ಅಲ್ಲಿಂದ ದಿನಕ್ಕೊಂದು. 2025ರ ಜೂನ್ 1 ಆಗಿದ್ದರೆ 45809 ಕಾಣಬೇಕು. 45663 ಕಂಡರೆ ಅದು ಜನವರಿ 6.

ಇದನ್ನು ಸುಮ್ನೆ ಬಿಡಬೇಡಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಕಾಫಿಗೆ ಫೆಬ್ರವರಿ, ಮಾರ್ಚ್, ಏಪ್ರಿಲ್‌ನ ಹೂಮಳೆ (ಹೂವು ಅರಳಿಸುವ ಮಳೆ) ಯಾವ ದಿನ ಎಷ್ಟು ಬಿತ್ತು ಅನ್ನೋದೇ ಮುಖ್ಯ. ಜೂನ್ 2, 3, 4ರ ಮುಂಗಾರು ಮಳೆ ಹೋಗಿ ಫೆಬ್ರವರಿ 6, ಮಾರ್ಚ್ 6, ಏಪ್ರಿಲ್ 6ರಲ್ಲಿ ಕೂತರೆ, ಬಾರದ ಹೂಮಳೆ ಬಂದಂತೆ ದಾಖಲೆಯಾಗುತ್ತದೆ. ನಾಲ್ಕು ವರ್ಷ ಬಿಟ್ಟು ನೋಡಿದವರಿಗೆ ಅದು ತಪ್ಪು ಅಂತ ಗೊತ್ತಾಗೋದೇ ಇಲ್ಲ. ಚಾರ್ಟ್ ನಿಂತುಹೋದರೆ ಕಣ್ಣಿಗೆ ಕಾಣುತ್ತದೆ. ತಾರೀಖು ಪಲ್ಟಿಯಾದರೆ ಕಾಣುವುದಿಲ್ಲ.

13ನೇ ತಾರೀಖಿನಿಂದ ಇನ್ನೊಂದು ಥರ ಆಗುತ್ತದೆ. 13/06 ಬರೆದರೆ 13ನೇ ತಿಂಗಳು ಇಲ್ಲವಲ್ಲ, ಎಕ್ಸೆಲ್ ಅದನ್ನು ತಾರೀಖು ಅಂತ ಒಪ್ಪದೆ ಬರೀ ಅಕ್ಷರ ಅಂತ ಇಟ್ಟುಕೊಳ್ಳುತ್ತದೆ. ಗುರುತು ಹಿಡಿಯೋದು ಸುಲಭ: ನಿಜವಾದ ತಾರೀಖು ಸೆಲ್‌ನ ಬಲಕ್ಕೆ ಒತ್ತಿಕೊಂಡಿರುತ್ತದೆ, ಅಕ್ಷರವಾದದ್ದು ಎಡಕ್ಕೆ.

ಸರಿಮಾಡುವ ಬಗೆ ಹೀಗೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಮಯ ಮತ್ತು ಭಾಷೆಯ ಭಾಗಕ್ಕೆ ಹೋಗಿ, ರೀಜನಲ್ ಫಾರ್ಮ್ಯಾಟನ್ನು ಇಂಗ್ಲಿಷ್ ಇಂಡಿಯಾ ಅಥವಾ ಕನ್ನಡ ಇಂಡಿಯಾ ಮಾಡಿ. ಎಕ್ಸೆಲ್ ಮುಚ್ಚಿ ಮತ್ತೆ ತೆರೆಯಿರಿ. ಮುಂದೆ ಬರೆಯುವುದು ಸರಿಯಾಗುತ್ತದೆ. ಆದರೆ ಈಗಾಗಲೇ ತಪ್ಪಾಗಿ ಕೂತಿರುವ ಹತ್ತು ದಿನ ಹಾಗೇ ಇರುತ್ತದೆ, ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ಅವು ತಿರುಗುವುದಿಲ್ಲ. 152ನೇ ಸಾಲಿನಲ್ಲಿ ಮೇ 31 ಸರಿಯಾಗಿದೆಯಲ್ಲ, ಅದರ ಮೂಲೆಯ ಚುಕ್ಕಿ ಹಿಡಿದು 366ನೇ ಸಾಲಿನವರೆಗೆ ಎಳೆಯಿರಿ. ಡಿಸೆಂಬರ್ 31 ಬಂದು ನಿಂತರೆ ಎಲ್ಲ ಸರಿ. ಮಧ್ಯೆ ಒಂದು ದಿನವನ್ನೂ ಬಿಟ್ಟಿಲ್ಲ ಅಂತ ಮಾತ್ರ ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ಮಳೆ ಒಂದು ಸಾಲು ಪಕ್ಕಕ್ಕೆ ಹೋಗುತ್ತದೆ. ಇನ್ನು ಮುಂದೆ ಎಲ್ಲೇ ತಾರೀಖು ಬರೆದರೂ ತಿಂಗಳನ್ನು ಅಂಕಿಯಲ್ಲಿ ಬರೆಯದೆ ‘1-ಜೂನ್-2025’ ಅನ್ನುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಅದನ್ನು ಎರಡು ರೀತಿ ಓದೋಕೆ ಸಾಧ್ಯವಿಲ್ಲ.

ಬಿ ಕಾಲಂ ಕೂಡ ಒಮ್ಮೆ ನೋಡಿಬಿಡಿ. ಯಾವುದಾದರೂ ಖಾಲಿ ಸೆಲ್‌ನಲ್ಲಿ =ಕೌಂಟ್(ಬಿ2:ಬಿ162) ಅಂತಲೂ, ಪಕ್ಕದಲ್ಲಿ =ಕೌಂಟ್‌ಎ(ಬಿ2:ಬಿ162) ಅಂತಲೂ ಬರೆಯಿರಿ. ಮೊದಲನೆಯದು ಸಂಖ್ಯೆಗಳನ್ನು ಮಾತ್ರ ಎಣಿಸುತ್ತದೆ, ಎರಡನೆಯದು ಖಾಲಿ ಅಲ್ಲದ್ದನ್ನೆಲ್ಲ. ಎರಡೂ 161 ಬಂದರೆ ಚಿಂತೆಯಿಲ್ಲ. ಕೌಂಟ್ 158, ಕೌಂಟ್‌ಎ 161 ಬಂದರೆ ಮೂರು ಸೆಲ್‌ಗಳು ಸಂಖ್ಯೆಯ ವೇಷದಲ್ಲಿರುವ ಅಕ್ಷರಗಳು. ಚಾರ್ಟ್ ಅವನ್ನು ಸೊನ್ನೆ ಅಂತ ಬರೆಯುತ್ತದೆ. ನೋಡುವವರು ಅವತ್ತು ಮಳೆ ಇಲ್ಲ ಅಂದುಕೊಳ್ಳುತ್ತಾರೆ. ‘1.20 ಇಂ’ ಅಂತ ಬರೆದಿದ್ದರೆ, ವಾಟ್ಸ್‌ಆ್ಯಪ್ ಮೆಸೇಜಿನಿಂದ ಕಾಪಿ ಮಾಡುವಾಗ ಹಿಂದೆ ಒಂದು ಅಕ್ಷರ ಅಂಟಿಕೊಂಡು ಬಂದಿದ್ದರೆ, ಸೆಲ್‌ನ ಫಾರ್ಮ್ಯಾಟೇ ಟೆಕ್ಸ್ಟ್ ಆಗಿದ್ದರೆ ಹೀಗಾಗುತ್ತದೆ. ಮೊದಲು ಫಾರ್ಮ್ಯಾಟ್ ಜನರಲ್ ಮಾಡಿ, ಆಮೇಲೆ ಕಂಟ್ರೋಲ್ + ಎಚ್ ಒತ್ತಿ ‘ಇಂ’ ತೆಗೆಯಿರಿ. ‘ಇಂ’ ಕಾಣಲೇಬೇಕು ಅಂದರೆ ಕಸ್ಟಮ್ ಫಾರ್ಮ್ಯಾಟ್‌ನಲ್ಲಿ 0.00" ಇಂ" ಅಂತ ಕೊಡಿ. ಕಣ್ಣಿಗೆ ಅಕ್ಷರ ಕಾಣುತ್ತದೆ, ಒಳಗೆ ಸಂಖ್ಯೆ ಸಂಖ್ಯೆಯಾಗಿಯೇ ಇರುತ್ತದೆ.

ತೋಟದವರಿಗೆ ಇನ್ನೊಂದು ಎಚ್ಚರ. ಒಂದು ಇಂಚು ಇಪ್ಪತ್ತು ಸೆಂಟ್ಸ್ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ಮಳೆಯನ್ನು ಪುಸ್ತಕದಲ್ಲಿ 1-20 ಅಂತ ಗೆರೆ ಹಾಕಿ ಬರೆಯುವ ಅಭ್ಯಾಸವಿದ್ದರೆ ಶೀಟಿನಲ್ಲಿ ಹಾಗೆ ಬರೆಯಬೇಡಿ. ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ತಾರೀಖು ಅಂದರೆ ಒಳಗೆ 40 ಸಾವಿರ ದಾಟಿದ ಸಂಖ್ಯೆ. ಒಂದೇ ಒಂದು ಕಂಬ ಚಾರ್ಟಿನ ನೆತ್ತಿ ಮುಟ್ಟಿ, ಉಳಿದ ಮಳೆಯೆಲ್ಲ ನೆಲಕ್ಕೆ ಅಂಟಿಕೊಂಡು ಮಾಯವಾದರೆ ಹುಡುಕಬೇಕಾದ್ದು ಇದನ್ನು. 1.20 ಅಂತ ಚುಕ್ಕಿ ಇಟ್ಟೇ ಬರೆಯಿರಿ. ಐದು ಸೆಂಟ್ಸ್ ಅಂದರೆ 0.05, 0.5 ಅಲ್ಲ.

ವಿಳಾಸ ಸರಿ, ತಾರೀಖು ಸರಿ, ಸಂಖ್ಯೆಯೂ ಸರಿ, ಆದರೂ ಜೂನ್ ಕಾಣದಿದ್ದರೆ ಚಾರ್ಟಿನ ಅಕ್ಷದ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಬೌಂಡ್ಸ್ ನೋಡಿ. ಕೆಳಗಿನ ಅಕ್ಷದ ಮ್ಯಾಕ್ಸಿಮಮ್ ಮೇ 31ಕ್ಕೆ ಬಿಗಿದಿದ್ದರೆ ಜೂನ್‌ಗೆ ಜಾಗವೇ ಇಲ್ಲ. ಪಕ್ಕದಲ್ಲಿ ‘ಆಟೋ’ ಅಂತ ಇದ್ದರೆ ಎಕ್ಸೆಲ್ ತಾನೇ ನೋಡಿಕೊಳ್ಳುತ್ತಿದೆ ಅಂತ ಅರ್ಥ. ‘ರೀಸೆಟ್’ ಅಂತ ಇದ್ದರೆ ಯಾರೋ ಕೈಯಿಂದ ಬರೆದಿದ್ದಾರೆ ಅಂತ ಅರ್ಥ, ಒತ್ತಿಬಿಡಿ. ಎತ್ತರದ ಅಕ್ಷಕ್ಕೂ ಇದೇ ಮಾತು. ಬೇಸಿಗೆ ಮಳೆ ಚೆನ್ನಾಗಿ ಕಾಣಲಿ ಅಂತ 2 ಇಂಚಿಗೆ ನಿಲ್ಲಿಸಿದ್ದರೆ ಜುಲೈನಲ್ಲಿ 4 ಇಂಚು ಸುರಿದ ದಿನವೂ ಕಂಬ 2ಕ್ಕೇ ಕತ್ತರಿಸಿಹೋಗುತ್ತದೆ. ಇನ್ನೊಂದು, ಶೀಟಿನಲ್ಲಿ ಫಿಲ್ಟರ್ ಹಾಕಿದ್ದರೆ ಅಥವಾ ಸಾಲುಗಳನ್ನು ಹೈಡ್ ಮಾಡಿದ್ದರೆ ಆ ದಿನಗಳು ಚಾರ್ಟಿನಿಂದಲೂ ಹೋಗುತ್ತವೆ. ಅವು ಬೇಕಾದರೆ ಸೆಲೆಕ್ಟ್ ಡೇಟಾ ಒಳಗೆ ‘ಹಿಡನ್ ಆ್ಯಂಡ್ ಎಂಪ್ಟಿ ಸೆಲ್ಸ್’ ಒತ್ತಿ ಟಿಕ್ ಹಾಕಬೇಕು.

ಈಗ ಮೂರನೇ ತೊಂದರೆ, ಪಿವೋಟ್ ಚಾರ್ಟ್. ಇದರ ಸ್ವಭಾವವೇ ಬೇರೆ. ಪಿವೋಟ್ ನಿಮ್ಮ ಶೀಟನ್ನು ನೇರವಾಗಿ ನೋಡುವುದಿಲ್ಲ. ಅಂಕಿಗಳ ಒಂದು ನಕಲು ಮಾಡಿಟ್ಟುಕೊಂಡು ಅದರಿಂದ ಲೆಕ್ಕ ಹಾಕುತ್ತದೆ. ರೀಫ್ರೆಶ್ ಅಂದಾಗ ಮಾತ್ರ ಹೊಸ ನಕಲು. ಮಾರ್ಚ್ ಅಂಕಿ ಬದಲಿಸಿದರೂ ಅದು ಅಲ್ಲಾಡದೆ ಇದ್ದದ್ದು ಇದಕ್ಕೇ. ಡೇಟಾ ಟ್ಯಾಬ್‌ನಲ್ಲಿ ರೀಫ್ರೆಶ್ ಆಲ್ ಒತ್ತಿ, ಅಥವಾ ಕಂಟ್ರೋಲ್ + ಆಲ್ಟ್ + ಎಫ್5. ಪಿವೋಟ್ ಟೇಬಲ್ ಆಪ್ಷನ್ಸ್‌ನ ಡೇಟಾ ಭಾಗದಲ್ಲಿ, ಫೈಲ್ ತೆರೆದಾಗ ರೀಫ್ರೆಶ್ ಆಗಲಿ ಅಂತ ಟಿಕ್ ಹಾಕಿಟ್ಟರೆ ಮರೆಯುವ ಸಮಸ್ಯೆ ಇಲ್ಲ.

ರೀಫ್ರೆಶ್ ಮಾಡಿದರೂ ಜೂನ್ ಬರದಿದ್ದರೆ ಪಿವೋಟ್‌ನ ಮೂಲ ವಿಳಾಸವೂ 152ನೇ ಸಾಲಿಗೇ ನಿಂತಿದೆ. ಚೇಂಜ್ ಡೇಟಾ ಸೋರ್ಸ್‌ನಲ್ಲಿ ಬದಲಿಸಿ. ಮೊದಲು ತಾರೀಖು ಸರಿಮಾಡಿ, ಆಮೇಲೆ ರೀಫ್ರೆಶ್ ಮಾಡಿ. ಇಲ್ಲವಾದರೆ ಜೂನ್ ಮಳೆಯಲ್ಲಿ ಒಂಬತ್ತು ದಿನದ್ದು ಬೇರೆ ತಿಂಗಳುಗಳಿಗೆ ಹಂಚಿಹೋಗುತ್ತದೆ, ಜೂನ್ 6ರದ್ದೊಂದೇ ಸರಿಯಾದ ಜಾಗದಲ್ಲಿರುತ್ತದೆ. ಪಿವೋಟ್‌ನಲ್ಲಿ ‘ಸಮ್’ ಬದಲು ‘ಕೌಂಟ್’ ಅಂತ ಬಂದಿದ್ದರೆ ಅದು ಮಳೆಯ ಮೊತ್ತವಲ್ಲ, ದಿನಗಳ ಎಣಿಕೆ; ಬಿ ಕಾಲಂನಲ್ಲಿ ಅಕ್ಷರ ಅಥವಾ ಖಾಲಿ ಇದೆ ಅಂತ ಅದರ ಸೂಚನೆ.

ಹನ್ನೆರಡು ತಿಂಗಳ ಮೊತ್ತಕ್ಕೆ ಪಿವೋಟ್ ಬೇಕಾಗಿಯೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಡಿ2ರಿಂದ ಡಿ13ರವರೆಗೆ ಪ್ರತಿ ತಿಂಗಳ ಮೊದಲ ತಾರೀಖು ಬರೆಯಿರಿ. ಇ2ರಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

=ಸಮ್‌ಇಫ್ಸ್(ಬಿ:ಬಿ, ಎ:ಎ, ">="&ಡಿ2, ಎ:ಎ, "<"&ಇಡೇಟ್(ಡಿ2,1))

ಈ ಹನ್ನೆರಡು ಸಾಲಿಗೆ ಸಾಮಾನ್ಯ ಚಾರ್ಟ್ ಮಾಡಿ. ಮಳೆ ಬರೆದ ಕ್ಷಣವೇ ಮೊತ್ತ ಬದಲಾಗುತ್ತದೆ, ಚಾರ್ಟೂ ಬದಲಾಗುತ್ತದೆ, ರೀಫ್ರೆಶ್ ಗೊಡವೆ ಇಲ್ಲ. ಮೊತ್ತವೇ ಬದಲಾಗದಿದ್ದರೆ ಫಾರ್ಮುಲಾಸ್ ಟ್ಯಾಬ್‌ನ ಕ್ಯಾಲ್ಕುಲೇಷನ್ ಆಪ್ಷನ್ಸ್ ಮ್ಯಾನುಯಲ್ ಆಗಿದೆ, ಆಟೊಮ್ಯಾಟಿಕ್ ಮಾಡಿ. ಇದು ನೀವು ಮುಟ್ಟದೆಯೂ ಆಗಬಹುದು. ಅವತ್ತು ಮೊದಲು ತೆರೆದ ಫೈಲ್ ಮ್ಯಾನುಯಲ್‌ನಲ್ಲಿದ್ದರೆ ಆಮೇಲೆ ತೆರೆದ ಫೈಲ್‌ಗಳೂ ಅದನ್ನೇ ಅನುಸರಿಸುತ್ತವೆ.

ತಿಂಗಳ ಮೊತ್ತದ ಬಗ್ಗೆ ಒಂದು ಮಾತು, ಇದು ಎಕ್ಸೆಲ್‌ಗೆ ಸೇರಿದ್ದಲ್ಲ. ಜೂನ್ 1ರ ಬೆಳಿಗ್ಗೆ ಅಳೆದದ್ದು ಹಿಂದಿನ 24 ಗಂಟೆಯ ಮಳೆ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದು ಅಳೆದ ದಿನದ ಲೆಕ್ಕಕ್ಕೇ ಬರೆಯುತ್ತದೆ. ನೀವೂ ಹಾಗೇ ಬರೆದರೆ ಅವರ ಅಂಕಿಯ ಜೊತೆ ಹೋಲಿಸಬಹುದು. ಅವರದ್ದು ಮಿಲಿಮೀಟರಿನಲ್ಲಿ, ಒಂದು ಇಂಚಿಗೆ 25.4.

ಇದುವರೆಗೆ ಒಟ್ಟು ಎಷ್ಟು ಮಳೆ ಅಂತ ತೋರಿಸುವ ಗೆರೆ ಚಾರ್ಟ್ ಮಾಡುವ ಆಸೆ ಮುಂದೆ ಬಂದೇ ಬರುತ್ತದೆ. ಆಗ ಮಳೆ ಬರೆಯದ ದಿನಗಳಿಗೆ ಸೂತ್ರದಲ್ಲಿ "" ಕೊಡಬೇಡಿ. ಅದು ಖಾಲಿಯಂತೆ ಕಂಡರೂ ಚಾರ್ಟಿಗೆ ಸೊನ್ನೆ, ಗೆರೆ ಇವತ್ತಿಗೆ ಬಂದು ದಬಕ್ಕನೆ ನೆಲಕ್ಕೆ ಬೀಳುತ್ತದೆ. ಸಿ2ರಲ್ಲಿ =ಇಫ್(ಬಿ2="", ಎನ್‌ಎ(), ಸಮ್(ಬಿ$2:ಬಿ2)) ಅಂತ ಬರೆದು ಕೆಳಗೆ ಎಳೆಯಿರಿ. ಗೆರೆ ಇವತ್ತಿಗೆ ನಿಲ್ಲುತ್ತದೆ. ಇದರ ಜೊತೆ ಒಂದು ಶಿಸ್ತು ಬೇಕು: ಮಳೆ ಬರದ ದಿನ 0 ಬರೆಯಿರಿ, ಅಳೆಯದ ದಿನವನ್ನು ಮಾತ್ರ ಖಾಲಿ ಬಿಡಿ.

ಚಾರ್ಟನ್ನು ವರ್ಡ್ ಅಥವಾ ಪವರ್‌ಪಾಯಿಂಟ್‌ಗೆ ಚಿತ್ರವಾಗಿ ಪೇಸ್ಟ್ ಮಾಡಿದ್ದರೆ ಅದು ಯಾವತ್ತೂ ಬದಲಾಗುವುದಿಲ್ಲ, ಲಿಂಕ್ ಇಟ್ಟು ಪೇಸ್ಟ್ ಮಾಡಬೇಕು. ಗೂಗಲ್ ಶೀಟ್ಸ್‌ನಲ್ಲಿ ಇದೇ ಕೆಲಸ ಮಾಡುವವರು ಚಾರ್ಟ್ ಎಡಿಟರ್‌ನ ಸೆಟಪ್ ಭಾಗದಲ್ಲಿ ಡೇಟಾ ರೇಂಜ್ ನೋಡಬೇಕು. ಗೂಗಲ್ ಡಾಕ್ಸ್‌ಗೆ ಹಾಕಿದ ಚಾರ್ಟಿನ ಮೇಲೆ ‘ಅಪ್‌ಡೇಟ್’ ಗುಂಡಿ ಒತ್ತಿದ ಮೇಲಷ್ಟೇ ಹೊಸ ಅಂಕಿ ಬರುತ್ತದೆ.

2026ರ ಜನವರಿಗೆ ಹೊಸ ಶೀಟ್ ಬೇಕಲ್ಲ, ಆಗ ಚಾರ್ಟನ್ನು ಮಾತ್ರ ಕಾಪಿ ಮಾಡಿ ಹೊಸ ಶೀಟಿಗೆ ಹಾಕಬೇಡಿ. ಅದು 2025ರ ಶೀಟನ್ನೇ ಓದುತ್ತಿರುತ್ತದೆ. ಕೆಳಗೆ ಶೀಟಿನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ, ‘ಮೂವ್ ಆರ್ ಕಾಪಿ’ ತೆಗೆದು, ಕಾಪಿ ಮಾಡು ಅನ್ನುವ ಚೌಕಕ್ಕೆ ಟಿಕ್ ಹಾಕಿ ಇಡೀ ಶೀಟನ್ನೇ ನಕಲು ಮಾಡಿ. ಅದರೊಳಗಿನ ಸಾಮಾನ್ಯ ಚಾರ್ಟುಗಳು ಹೊಸ ಶೀಟಿನ ವಿಳಾಸ ಹಿಡಿಯುತ್ತವೆ. ಆಮೇಲೆ ಬಿ ಕಾಲಂ ಖಾಲಿ ಮಾಡಿ. ಎ2ರಲ್ಲಿ ಹೊಸ ವರ್ಷದ ಮೊದಲ ತಾರೀಖು ಬರೆದು ಕೆಳಗೆ ಎಳೆಯಿರಿ, ಡಿ ಕಾಲಂನ ಹನ್ನೆರಡು ತಾರೀಖುಗಳನ್ನೂ ಹಾಗೇ ಬದಲಿಸಿ. ಜನವರಿ 1ರ ಮಳೆ ಬರೆಯುವ ಮೊದಲು ಒಂದು ಕಂಬದ ಜಾಗಕ್ಕೆ ಸುಮ್ನೆ 1 ಹಾಕಿ, ಹೊಸ ಶೀಟಿನ ಚಾರ್ಟೇ ಅಲ್ಲಾಡಿತಾ ಅಂತ ನೋಡಿಕೊಂಡು ಅಳಿಸಿ.